ಮಾವನಿಗೊಂದು ಮಹಾಕಾವ್ಯ

ಲಂಡನ್ನಿನಲ್ಲಿ ಪದ್ಯ ಬರೆಯುವವರು ಬೀದಿಗೆ ಹತ್ತು ಜನ ಸಿಗಬಹುದು. ಆದರೆ ಒಂದು ಚಿಗಟಕ್ಕೆ ಕವಚ ತೊಡಿಸಿ, ಕೈಗೆ ಈಟಿ ಕೊಟ್ಟು, ಅದು ಯುದ್ಧಕ್ಕೆ ಹೊರಟಾಗ ಆಕಾಶದಿಂದ ದೇವತೆಗಳ ಕೈಯಲ್ಲಿ ಹೂಮಳೆ ಸುರಿಸಬಲ್ಲ ಗಂಡು ಒಬ್ಬನೇ. ಅದು ನಾನು! ನೆಡ್ ಫಿಲ್ಪಾಟ್! ಹೆಸರಿಗೆ ಕಾನೂನು ಓದುವ ಹುಡುಗ, ಓದುವುದು ಮಾತ್ರ ಕಾಫಿ ಅಂಗಡಿಯಲ್ಲಿ, ಅದೂ ನನ್ನದೇ ಪದ್ಯ, ಅದೂ ಮೇಜಿನ ಮೇಲೆ ಹತ್ತಿ ನಿಂತು!

ರಾಣಿ ಆನ್ ತೀರಿಕೊಂಡು ಜರ್ಮನಿಯಿಂದ ಹೊಸ ರಾಜರು ಬಂದಿದ್ದ ಹೊತ್ತು. ಊರಿಗೆ ಊರೇ ಅಣಕು ಮಹಾಕಾವ್ಯದ ಹುಚ್ಚು ಹಿಡಿಸಿಕೊಂಡಿತ್ತು. ಸೂತ್ರ ಬಹಳ ಸುಲಭ. ಎಷ್ಟು ಸಣ್ಣ ವಿಷಯವೋ ಅಷ್ಟು ದೊಡ್ಡ ಮಾತು ಹಾಕಬೇಕು. ಯಾರದೋ ಚಹಾ ಬಟ್ಟಲು ಒಡೆಯಿತೇ? ಟ್ರಾಯ್ ಪಟ್ಟಣ ಬಿತ್ತು ಅನ್ನು! ಅಡುಗೆಯವಳು ಬೆಕ್ಕಿಗೆ ಸೌಟು ಬೀಸಿದಳೇ? ಸಿಡಿಲು ಅನ್ನು! ಲ್ಯಾಟಿನ್ ಮೀಡಿಯಮ್ಮಿನಲ್ಲಿ ಓದಿದ ನನಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು. ನ್ಯಾಯಾಧೀಶರೊಬ್ಬರ ವಿಗ್ಗಿನೊಳಗೆ ದಂಡಯಾತ್ರೆ ಹೋದ ಚಿಗಟದ ಮೇಲೆ ನಾನು ಬರೆದ ಕಾವ್ಯ ಆ ವರ್ಷ ಬಾಯಿಂದ ಬಾಯಿಗೆ ಓಡಾಡಿತ್ತು:

ಬೆಳ್ಳಿಬೆಟ್ಟದ ಕಾಡ ಹೊಕ್ಕನು ವೀರ ಚಿಗಟ ಮಹಾಶಯ,
ನ್ಯಾಯಮೂರ್ತಿಯ ಬೆರಳು ಬಂದರು ಇಲ್ಲ ಅವನಿಗೆ ಯಾವ ಭಯ!

ಇದನ್ನು ಕೇಳಿ ಒಬ್ಬ ವಕೀಲರು ಕಾಫಿ ಮೂಗಿಗೆ ಹತ್ತಿ ಬೆಂಚಿನಿಂದ ಉರುಳಿದರು. ಇದಕ್ಕಿಂತ ದೊಡ್ಡ ಬಿರುದು ಬೇಕೇ?

ಅಂಥ ನಾನು ಒಂದು ಬೆಳಿಗ್ಗೆ ನಮ್ಮ ಅಟ್ಟದ ಕೋಣೆಯಲ್ಲಿ ನನ್ನ ಹೆಂಡತಿ ಹೆಸ್ಟರ್ ಮುಂದೆ ಘೋಷಿಸಿದೆ: "ಹೆಸ್ಟರ್! ಇನ್ನು ಅಣಕು ಸಾಕು. ನಿಮ್ಮಪ್ಪನ ಮೇಲೆ ನಿಜವಾದ ಮಹಾಕಾವ್ಯ ಬರೀತೀನಿ! ಅಪ್ಪಟ ಹೊಗಳಿಕೆ! ಅದನ್ನ ಕೇಳಿ ನಿಮ್ಮಪ್ಪ ಬಾಗಿಲು ತೆಗೀದೇ ಇದ್ರೆ ನನ್ನ ಹೆಸರು ಬದಲಾಯಿಸು!"

ಹೆಸ್ಟರ್ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಮೆಚ್ಚುಗೆ ಇತ್ತೆಂದು ನಾನು ತಿಳಿದೆ. ನನ್ನ ತಿಳಿವಳಿಕೆಯ ಕತೆಯನ್ನೇ ಮುಂದೆ ಹೇಳುವುದಿದೆ.

ವಿಷಯ ಇಷ್ಟು. ನನ್ನ ಮಾವ ಒಬದಾಯ ಟ್ರಸ್ಲರ್ ಕುರಿಯ ಕೊಬ್ಬು ಕಾಯಿಸಿ ಮೇಣದಬತ್ತಿಯ ಹಾಗೆ ಉರಿಯುವ ದೀಪದ ಬತ್ತಿ ಮಾಡಿ ಮಾರುವ ವ್ಯಾಪಾರಿ. ಅದು ಹೊಟ್ಟೆಪಾಡಿಗೆ. ಎದೆಯೊಳಗೆ ಮಾತ್ರ ಅವರು ಕ್ಯಾಪ್ಟನ್. ನಮ್ಮ ಪೇಟೆಗೆ ಒಂದು ದಂಡು ಇದೆ. ಅಂಗಡಿಯವರೇ ಸಿಪಾಯಿಗಳು, ದೊಡ್ಡ ಅಂಗಡಿಯವರು ಅಧಿಕಾರಿಗಳು. ವರ್ಷಕ್ಕೊಮ್ಮೆ ಕತ್ತಿ ಕಟ್ಟಿಕೊಂಡು, ಡೋಲು ಬಡಿದುಕೊಂಡು, ಊರಾಚೆಯ ಬಯಲಿಗೆ ಹೋಗಿ, ಮರದ ಹಲಗೆಯ ಕೋಟೆಯೊಂದನ್ನು ಗೆದ್ದು, ಗಡದ್ದಾಗಿ ಊಟ ಮಾಡಿ ವಾಪಸು ಬರುತ್ತಾರೆ. ಆ ದಂಡಿನಲ್ಲಿ ನಮ್ಮ ಮಾವ ಕ್ಯಾಪ್ಟನ್. ಅವರ ಮಗಳನ್ನು ನಾನು ಅವರಿಗೆ ಹೇಳದೆ ಕೇಳದೆ ಒಂದು ಹೆಂಡದಂಗಡಿಯ ಮಾಳಿಗೆಯಲ್ಲಿ, ಆತುರದ ಮದುವೆ ಮಾಡಿಸುವ ಪಾದ್ರಿಯೊಬ್ಬನ ಎದುರು ಕಟ್ಟಿಕೊಂಡೆ. ಮಾವ ನಮ್ಮಿಬ್ಬರಿಗೂ ಬಾಗಿಲು ಹಾಕಿದರು.

ನನಗೇನೋ ಬೇಸರವಿಲ್ಲ. ಆದರೆ ಹೆಸ್ಟರ್ ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ ತವರುಮನೆಯ ಬೀದಿಯಲ್ಲಿ, ಎದುರು ಬದಿಯಲ್ಲಿ, ಮೆಲ್ಲಗೆ ನಡೆದುಕೊಂಡು ಹೋಗುತ್ತಿದ್ದಳು. ಅವಳ ಅಮ್ಮ ಕಿಟಕಿಯ ಪರದೆ ಒಂದಿಷ್ಟು ಸರಿಸುತ್ತಿದ್ದರು. ಹಿಂದಿನಿಂದ ಒಂದು ದಪ್ಪ ಕೈ ಬಂದು ಪರದೆ ಮುಚ್ಚುತ್ತಿತ್ತು. ಮನೆಗೆ ಬಂದು ಹೆಸ್ಟರ್ ಏನೂ ಹೇಳುತ್ತಿರಲಿಲ್ಲ. ಆ ಏನೂ ಹೇಳದಿರುವುದನ್ನು ಕೇಳಲು ನನಗೆ ಆಗುತ್ತಿರಲಿಲ್ಲ.

"ರೀ, ಕಾವ್ಯ ಗೀವ್ಯ ಬೇಡ" ಎಂದಳು ಹೆಸ್ಟರ್. "ನಾಲ್ಕು ಮಾತು ನೆಟ್ಟಗೆ ಹೇಳಿ. ತಪ್ಪಾಯ್ತು ಮಾವ, ಮಗಳು ನಿಮ್ಮನ್ನ ನೋಡ್ಬೇಕಂತಾಳೆ, ಬಾಗಿಲು ತೆಗೀರಿ. ಸಾಕು."

"ಗದ್ಯದಲ್ಲಾ? ಹೆಸ್ಟರ್, ಅವರು ಕ್ಯಾಪ್ಟನ್! ಕ್ಯಾಪ್ಟನ್ನಿಗೆ ಗದ್ಯದಲ್ಲಿ ಕ್ಷಮೆ ಕೇಳೋದೂ ಒಂದೇ, ಟೋಪಿ ತೆಗೀದೆ ಚರ್ಚಿಗೆ ನುಗ್ಗೋದೂ ಒಂದೇ!"

"ನೀವು ಬರೆದದ್ದಕ್ಕೆಲ್ಲ ಜನ ನಗ್ತಾರಲ್ರೀ."

"ಇದಕ್ಕೆ ಅಳ್ತಾರೆ, ನೋಡ್ತಿರು!"

"ಅದೇ ನನ್ನ ಭಯ."

ಇಂಥ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಕವಿ ತಾನೇ ಉದ್ಧಾರವಾದಾನು? ಆದರೂ ನಾನು ಕುಗ್ಗಲಿಲ್ಲ. ಒಂದು ಪರೀಕ್ಷೆ ಏರ್ಪಡಿಸಿದೆ. ನಾನು ಎರಡೆರಡು ಸಾಲು ಬರೆದು ಓದಬೇಕು, ಹೆಸ್ಟರ್ ಬಟಾಣಿ ಸುಲಿಯುತ್ತ ಕೇಳಬೇಕು. ಅವಳು ನಕ್ಕರೆ ಆ ಸಾಲು ತೆಗೆದುಹಾಕಬೇಕು. ಕಾವ್ಯದೇವಿಯನ್ನು ನೆನೆದು ಬರೆಯುವ ಹಕ್ಕಿಗರಿಯನ್ನು ಶಾಯಿಗೆ ಅದ್ದಿದೆ.

ಏರಿದನು ಕುದುರೆಯನು ನೋಡಿರಿ ಟ್ರಸ್ಲರೆಂಬ ಮಹಾಬಲ,
ಬಾಗಿತೊಮ್ಮೆಗೆ ಕುದುರೆ ಬೆನ್ನು, ನಡುಗಿತಾಗಲೆ ಭೂತಲ!

ಬಟಾಣಿ ಬುಟ್ಟಿ ಉರುಳಿತು. ಹೆಸ್ಟರ್ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

"ಯಾಕೆ ನಗ್ತೀಯಾ? ಇದು ವೀರರಸ!"

"ರೀ, ಆ ಕುದುರೆ ಬೆನ್ನು ನಿಜವಾಗ್ಲೂ ಬಾಗಿತ್ತು. ಅಮ್ಮ ಅಪ್ಪನ್ನ ಸ್ಟೂಲ್ ಹಾಕಿ ಹತ್ತಿಸಿದ್ಲು. ಕುದುರೆ ಅಲ್ಲೇ ಕೂತ್ಕೊಂಡ್ಬಿಡ್ತು!"

ಕುದುರೆ ಹೋಯಿತು. ಮುಂದಿನದು ಬಂತು.

ಅವನು ಕಾಣುವ ಮೊದಲೆ ಬರುವುದು ಅವನ ಕೀರ್ತಿಯ ಪರಿಮಳ,
ಬೀದಿ ಬೀದಿಯ ಜನರು ತಿರುಗಿ ನೋಡುತಿಹರು ಎಡಬಲ!

"ಅದು ಕೀರ್ತಿ ಅಲ್ರೀ, ಕುರಿ ಕೊಬ್ಬು" ಎಂದಳು ಹೆಸ್ಟರ್, ಕಣ್ಣೊರೆಸಿಕೊಳ್ಳುತ್ತ. "ಅಪ್ಪ ಬೀದಿ ತಿರುಗೋ ಮೊದ್ಲೇ ನಮ್ಮ ನಾಯಿಗೆ ಗೊತ್ತಾಗ್ತಿತ್ತು."

ಪರಿಮಳವೂ ಹೋಯಿತು. ಅಯ್ಯೋ ನನ್ನ ಗ್ರಹಚಾರವೇ! ಮಾವನ ಕತ್ತಿ ಬರೆದರೆ ಅದು ಅವರ ಕಾಲಿಗೆ ಸಿಕ್ಕಿ ಅವರನ್ನೇ ಬೀಳಿಸಿದ್ದು ನೆನಪಾಗಿ ನಗು. ಮಾವನ ಮೀಸೆ ಬರೆಯೋಣವೆಂದರೆ ಮೀಸೆಯೇ ಇಲ್ಲ. ಹಲಗೆಯ ಕೋಟೆ ಬರೆದರೆ, ಅದನ್ನು ಕಟ್ಟಿದ ಬಡಗಿ "ಮೆಲ್ಲಗೆ ಒದೀರಿ ಸ್ವಾಮಿ, ಮುಂದಿನ ವರ್ಷಕ್ಕೂ ಬೇಕು" ಎಂದದ್ದು ನೆನಪಾಗಿ ಇನ್ನೂ ದೊಡ್ಡ ನಗು. ವರ್ಷಗಟ್ಟಲೆ ಚಿಗಟವನ್ನು ಚಕ್ರವರ್ತಿ ಮಾಡಿದ ಈ ಗರಿಗೆ ಒಬ್ಬ ಮನುಷ್ಯನನ್ನು ಮನುಷ್ಯನನ್ನಾಗಿ ಹೊಗಳಲು ಬರುತ್ತಿಲ್ಲ! ನಾನು ಎಷ್ಟು ಗಂಭೀರವಾಗಿ ಮುಖ ಬಿಗಿದರೂ ಗರಿ ಮಾತ್ರ ಕಾಗದದ ಮೇಲೆ ಹಲ್ಲು ಕಿರಿಯುತ್ತಿತ್ತು.

ಕೊನೆಗೆ ನನಗೊಂದು ಮಹಾಜ್ಞಾನ ಉದಯಿಸಿತು. ನಗು ಬರುತ್ತಿರುವುದು ನಿಜ ಸಂಗತಿಗಳಿಂದ! ಹಾಗಾದರೆ ನಿಜವನ್ನೇ ತೆಗೆದುಬಿಟ್ಟರೆ? ಕುದುರೆ, ಕೊಬ್ಬು, ಕತ್ತಿ, ಕೋಟೆ, ಹೊಟ್ಟೆ, ಎಲ್ಲವನ್ನೂ ಗುಡಿಸಿ ಹೊರಗೆ ಹಾಕಿದೆ. ಉಳಿದದ್ದು ಶುದ್ಧ ಬೆಟ್ಟ, ಶುದ್ಧ ಕಡಲು, ಶುದ್ಧ ಸಿಡಿಲು. ಪೂರ್ತಿ ಓದಿ ಮುಗಿಸಿ ತಲೆಯೆತ್ತಿದೆ. ಹೆಸ್ಟರ್ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ನಕ್ಕಿರಲಿಲ್ಲ! ಒಂದು ಸಲವೂ ನಕ್ಕಿರಲಿಲ್ಲ! ನಾನು ಖುಷಿಯಿಂದ ಎಗರಿದೆ. ನಮ್ಮ ಅಟ್ಟದ ಮಾಡು ಎಷ್ಟು ತಗ್ಗೆಂಬುದು ಮರೆತಿತ್ತು. ತಲೆ ಬುರುಡೆಗೆ ತೊಲೆ ಬಡಿಯಿತು. ಅಪಶಕುನ ಅಂತಾದರೂ ತಿಳಿಯಬಾರದಿತ್ತೇ ನಾನು?

ದಂಡಿನ ಅಧಿಕಾರಿಗಳಿಗೆ ಮಾವನ ಮನೆಯಲ್ಲಿ ಮಧ್ಯಾಹ್ನದ ಊಟ ಇತ್ತು. ಊಟದ ಮೇಲೆ ಯಾರಾದರೂ ಪದ್ಯ ಓದುವುದು ದೊಡ್ಡ ಮನೆಗಳ ಲಕ್ಷಣ. ಕಾವ್ಯದ ಸುದ್ದಿ ಹೇಗೋ ತಲುಪಿದ್ದ ಅತ್ತೆಯವರು ಗುಟ್ಟಾಗಿ ಹೇಳಿ ಕಳಿಸಿದರು: "ಪುಡಿಂಗ್ ಆದ್ಮೇಲೆ ಹಿತ್ತಿಲ ಬಾಗಿಲಿಂದ ಬನ್ನಿ. ಹೊಟ್ಟೆ ತುಂಬಿದ್ರೆ ನಿಮ್ಮಾವನಿಗೆ ಸಿಟ್ಟು ಕಮ್ಮಿ."

ಹೋದೆವು. ಕೊಬ್ಬು ಕಾಯಿಸುವ ಹಂಡೆಗಳ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ನಾನು, ಆ ಗಾಳಿಯನ್ನೇ ಎದೆ ತುಂಬ ಎಳೆದುಕೊಳ್ಳುತ್ತ ಹೆಸ್ಟರ್. ಊಟದ ಕೋಣೆಯ ಬಾಗಿಲಲ್ಲಿ ನಮ್ಮನ್ನು ಕಂಡು ಮಾವ ಎದ್ದು ನಿಂತರು. ಮುಖ ಬೀಟ್‌ರೂಟ್ ಆಯಿತು.

"ಯಾರು ಒಳಗೆ ಬಿಟ್ಟಿದ್ದು ಇವನನ್ನ?"

"ನಾನು" ಎಂದರು ಅತ್ತೆ. "ಪದ್ಯ ಬರ್ಕೊಂಡು ಬಂದಿದಾನೆ. ನಿಮ್ಮ ಮೇಲೆ."

"ನನ್ನ ಮೇಲಾ?" ಮಾವ ಕೂತರು. ಕೋಟಿನ ಗುಂಡಿ ಸರಿ ಮಾಡಿಕೊಂಡರು. "ಹೂಂ. ಓದ್ಲಿ. ಓದಿ ಹೋಗ್ಲಿ."

ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ:

ನಿಂತನೆಂದರೆ ಬೆಟ್ಟ ನಿಂತಿತು, ನಡೆದನೆಂದರೆ ಕಡಲು,
ಅವನ ಒಂದೇ ಗರ್ಜನೆಗೆ ಬೆದರಿತು ಮೇಲೆ ಮುಗಿಲ ಒಡಲು!

ಮಾವ ಬೆನ್ನು ನೆಟ್ಟಗೆ ಮಾಡಿ ಕೂತರು. "ಬೆಟ್ಟ..." ಎಂದರು, ತಮ್ಮಷ್ಟಕ್ಕೆ. ಆಮೇಲೆ ಹೆಸ್ಟರ್ ಕಡೆ ನೋಡದೆಯೇ ಕಾಲಿನಿಂದ ಒಂದು ಕುರ್ಚಿಯನ್ನು ಅವಳತ್ತ ತಳ್ಳಿದರು. ಹೆಸ್ಟರ್ ಅದರ ತುದಿಯಲ್ಲಿ ಕೂತಳು. ಅತ್ತೆ ಅವಳ ಕೈ ಹಿಡಿದುಕೊಂಡರು. ಗೆದ್ದೆ! ಬರೀ ಎರಡು ಸಾಲಿಗೆ ಕುರ್ಚಿ! ಪೂರ್ತಿ ಓದಿದರೆ ಮನೆಯನ್ನೇ ಬರೆದುಕೊಡುತ್ತಾರೆ!

ಅಷ್ಟರಲ್ಲಿ ಮೇಜಿನ ಆ ತುದಿಯಿಂದ ಒಂದು ಸದ್ದು ಬಂತು. ಕುದಿಯುವ ಪಾತ್ರೆಯ ಮುಚ್ಚಳ ಎದ್ದಹಾಗೆ. ಲೆಫ್ಟಿನೆಂಟ್ ಟಿಬ್ಸ್! ಆತ ವಿಗ್ ಮಾಡುವವನು. ನಮ್ಮ ಕಾಫಿ ಅಂಗಡಿಯಲ್ಲಿ ದಿನವೂ ಕೂರುವ ಗಿರಾಕಿ. ನನ್ನ ಚಿಗಟದ ಕಾವ್ಯ ಅವನಿಗೆ ಬಾಯಿಪಾಠ.

"ಫಿಲ್ಪಾಟ್!" ಎಂದು ತೊಡೆ ತಟ್ಟಿದ ಟಿಬ್ಸ್. "ಲೋ ಕಳ್ಳ! ಏನು ಏಟು ಕೊಟ್ಟೆಯಪ್ಪಾ! ನಿಂತನೆಂದರೆ ಬೆಟ್ಟ! ಹೆಂಡದಂಗಡಿ ಮುಂದೆ ಅಲ್ವಾ? ಅವತ್ತು ಇಡೀ ದಂಡು ನೂಕಿದ್ರೂ ಕ್ಯಾಪ್ಟನ್ ಅಲ್ಲಿಂದ ಅಲ್ಲಾಡ್ಲಿಲ್ಲ!"

"ಅಯ್ಯೋ ಇಲ್ಲ!" ಎಂದೆ.

"ನಡೆದನೆಂದರೆ ಕಡಲು! ಕುಡಿದು ಹೊರಗೆ ಬಂದ್ಮೇಲೆ! ಈ ಕಡೆ ಒಂದಲೆ, ಆ ಕಡೆ ಒಂದಲೆ!" ಟಿಬ್ಸ್ ಕೂತಲ್ಲೇ ತೂರಾಡಿ ತೋರಿಸಿದ. ಉಳಿದ ಅಧಿಕಾರಿಗಳಿಗೆ ಅಲ್ಲಿಯವರೆಗೆ ಏನೂ ಅರ್ಥವಾಗಿರಲಿಲ್ಲ. ಈಗ ಎಲ್ಲ ಅರ್ಥವಾಯಿತು! ಒಬ್ಬ ಕರವಸ್ತ್ರ ಬಾಯಿಗೆ ತುರುಕಿಕೊಂಡ. ಒಬ್ಬ ಮೇಜಿನ ಕೆಳಗೆ ಏನನ್ನೋ ಹುಡುಕಲು ಹೋದವನು ಮೇಲೆ ಬರಲೇ ಇಲ್ಲ.

"ಗರ್ಜನೆ ಯಾವುದು?" ಎಂದ ಇನ್ನೊಬ್ಬ, ಕಣ್ಣಲ್ಲಿ ನೀರು ತುಂಬಿಕೊಂಡು.

"ಫಿರಂಗಿ ಹಾರಿಸಿದಾಗ 'ಅಮ್ಮಾ' ಅಂದ್ರಲ್ಲಾ, ಅದು!"

"ನಾನು ಹಾಗೆಲ್ಲ ಬರೆದೇ ಇಲ್ಲ!" ಎಂದು ಕಿರುಚಿದೆ. "ಬೆಟ್ಟ ಅಂದ್ರೆ ಬೆಟ್ಟ! ಕಡಲು ಅಂದ್ರೆ ಕಡಲು! ಇದು ನಿಜವಾದ ಹೊಗಳಿಕೆ!"

ನಗು ಇನ್ನೂ ಜೋರಾಯಿತು. ಈ ಊರಿನ ಓದುಗರ ಸಮಾಚಾರ ನನಗೆ ಗೊತ್ತಿರಬೇಕಿತ್ತು. ಅಣಕು ಕಾವ್ಯ ಓದಿ ಓದಿ ಅವರಿಗೆ ಒಂದು ಚಾಳಿ ಅಂಟಿದೆ. ದೊಡ್ಡ ಮಾತು ಕಂಡರೆ ಸಾಕು, ಅದರ ಹಿಂದೆ ಅವಿತಿರುವ ಸಣ್ಣ ಸಂಗತಿ ಯಾವುದೆಂದು ಹುಡುಕುತ್ತಾರೆ. ನಾನು ಬಚ್ಚಿಟ್ಟಿದ್ದರೆ ಒಂದೋ ಎರಡೋ ಸಿಗುತ್ತಿದ್ದವು. ನಾನು ಏನನ್ನೂ ಬಚ್ಚಿಟ್ಟಿರಲಿಲ್ಲ. ಆದ್ದರಿಂದ ಎಲ್ಲವೂ ಸಿಕ್ಕಿತು!

ಆಗಲಾದರೂ ಕಾಗದ ಮಡಚಿ ಓಡಬೇಕಿತ್ತು. ಮುಂದಿನ ಎರಡು ಸಾಲು ನನ್ನನ್ನು ಕಾಪಾಡುತ್ತವೆ ಎಂದು ನಂಬಿದೆ. ಇಡೀ ಕಾವ್ಯದಲ್ಲಿ ಅತ್ಯಂತ ಶುದ್ಧವಾದ, ಯಾರ ತಂಟೆಗೂ ಹೋಗದ ಸಾಲುಗಳು ಅವು:

ಕಂಡ ಶತ್ರುಗಳಿಲ್ಲ ಜಗದಲಿ ಅವನ ಬೆನ್ನನು ಎಂದಿಗೂ,
ಎದೆಯ ತೋರುತ ನಡೆದ ವೀರನು ಮನೆಗೆ ಮರಳುವಂದಿಗೂ!

ನಗು ಗಕ್ಕನೆ ನಿಂತಿತು. ಟಿಬ್ಸ್‌ನ ಮುಖ ಬಿಳಿಚಿತು. ಮಾವ ಮೆಲ್ಲಗೆ ಎದ್ದರು. ಅವರು ನೋಡಿದ್ದು ನನ್ನನ್ನಲ್ಲ, ಟಿಬ್ಸ್‌ನನ್ನು.

"ನೀನೇ ಹೇಳಿರೋದು ಇವನಿಗೆ" ಎಂದರು.

"ದೇವರಾಣೆ ಇಲ್ಲ ಕ್ಯಾಪ್ಟನ್!"

"ಅಲ್ಲಿದ್ದದ್ದು ನಾನು ನೀನು ಇಬ್ರೇ. ನನ್ನ ಚಡ್ಡಿ ಹಿಂದುಗಡೆ ಹರಿದದ್ದು, ನಾನು ಬಯಲಿಂದ ಮನೇವರೆಗೂ ಗೋಡೆಗೆ ಬೆನ್ನು ಹಾಕ್ಕೊಂಡು ಅಡ್ಡಡ್ಡ ನಡ್ಕೊಂಡು ಬಂದದ್ದು, ನೀನು ಹೇಳ್ದೇ ಇವನಿಗೆ ಹ್ಯಾಗೆ ಗೊತ್ತಾಯ್ತೋ?"

ಈಗ ಎಲ್ಲರಿಗೂ ಗೊತ್ತಾಯಿತು. ಮೇಜಿನ ಕೆಳಗಿದ್ದವನು ತಲೆ ಮೇಲೆತ್ತಿದ. ಆಮೇಲೆ ಎದ್ದ ನಗೆಗೆ ಕಪಾಟಿನ ತವರದ ತಟ್ಟೆಗಳು ತಾಳ ಹಾಕಿದವು. ಅಯ್ಯೋ, ನಾನು ಯಾಕಾದರೂ ಅಕ್ಷರ ಕಲಿತೆ!

ಮಾವ ನನ್ನ ಕೊರಳಪಟ್ಟಿ ಹಿಡಿದು ಬಾಗಿಲಿಗೆ ನಡೆಸಿದರು. "ಬನ್ನಿ ಅಳಿಯದೇವ್ರೇ, ಬನ್ನಿ. ನನ್ನ ಬೆನ್ನು ಕಾಣ್ಸಲ್ಲ ಅಲ್ವಾ? ನಿಮ್ಮ ಬೆನ್ನು ನಾನು ನೋಡ್ತೀನಿ!"

ಹೆಸ್ಟರ್ ಎದ್ದು ನನ್ನ ಹಿಂದೆ ಬಂದಳು. ಮಾವ ತಿರುಗಿ ಅವಳನ್ನು ನೋಡಿದರು. ಅವರ ಸಿಟ್ಟು ಇದ್ದಕ್ಕಿದ್ದಂತೆ ಕರಗಿತು.

"ಮಗಳೇ, ಇದನ್ನ ನೀನು ದಿನಾ ಕೇಳ್ತೀಯಾ?"

"ಹೂಂ ಅಪ್ಪಾ."

"ಬೆಳಿಗ್ಗೇನೂ?"

"ತಿಂಡಿಗೆ ಮೊದ್ಲೇ."

"ಅಯ್ಯೋ ನನ್ನ ಕಂದಾ!" ಎಂದು ಮಾವ ಅವಳನ್ನು ತಬ್ಬಿಕೊಂಡರು. "ನಿನಗೆ ಸಾಕಷ್ಟು ಶಿಕ್ಷೆ ಆಗಿದೆ. ಒಳಗೆ ಬಾ. ಊಟ ಮಾಡು."

ಬಾಗಿಲು ಹಾಕಿಕೊಂಡಿತು. ಹೆಂಡತಿ ಒಳಗೆ, ನಾನು ಹೊರಗೆ! ನನ್ನ ಕಾವ್ಯ ನನ್ನ ಹೆಂಡತಿಗೆ ತವರಿನ ಬಾಗಿಲು ತೆರೆಸಿತ್ತು. ನಾನು ಕೇಳಿದ್ದು ಅದನ್ನೇ ತಾನೇ? ಮೆಟ್ಟಿಲ ಮೇಲೆ ಕೂತು ಮಳೆಗೆ ನೆನೆಯುತ್ತ ಇದನ್ನು ಗೆಲುವೆಂದು ಕರೆಯಲು ಬಹಳ ಪ್ರಯತ್ನಪಟ್ಟೆ.

ಸ್ವಲ್ಪ ಹೊತ್ತಿಗೆ ಮೇಲಿನ ಕಿಟಕಿ ತೆರೆಯಿತು. ಹೆಸ್ಟರ್ ಎಂದು ಆಸೆಯಿಂದ ನೋಡಿದರೆ ಮಾವ!

"ಏಯ್. ಅದು, ನಿನ್ನ ಪದ್ಯ... ಚುಚ್ಚತ್ತೆ ಕಣಯ್ಯಾ. ಒಳಗೆ ಹೋಗಿ ತಿರುಗಿಸ್ದಂಗೆ ಚುಚ್ಚತ್ತೆ."

"ನಾನು ಚುಚ್ಚಲಿಲ್ಲ ಮಾವ!"

"ಸುಮ್ನಿರು, ಕೇಳು. ಆ ಪಕ್ಕದ ಪೇಟೆ ದಂಡಿನ ಕ್ಯಾಪ್ಟನ್ ಇದ್ದಾನಲ್ಲ, ಚೀಸ್ ಮಾರೋ ಕ್ರಂಪ್? ಪ್ರತಿವರ್ಷ ಅವನ ಡೋಲು ನಮ್ಮ ಡೋಲಿಗಿಂತ ಜೋರಾಗಿ ಬಡಿಸ್ತಾನೆ, ಬೇಕು ಅಂತ. ಅವನ ಮೇಲೆ ಒಂದು ಬರಿ. ಊರೆಲ್ಲ ನಗ್ಬೇಕು. ಅವನು ಅಂಗಡಿ ಬಾಗಿಲು ತೆಗೀಬಾರದು. ಅದಾದ್ರೆ ನನ್ನ ಮೇಜಲ್ಲಿ ನಿನಗೊಂದು ಕುರ್ಚಿ."

ಆಹಾ! ಇದು ನನ್ನ ಕಸುಬು! ಅಟ್ಟಕ್ಕೆ ಓಡಿದೆ. ಒಂಟಿ ಕೋಣೆ ಭಣಗುಟ್ಟುತ್ತಿತ್ತು, ಸುಲಿಯದ ಬಟಾಣಿ ಒಂದು ಮೂಲೆಯಲ್ಲಿ ಒಣಗುತ್ತಿತ್ತು. ಹೆಂಡತಿಯಿಲ್ಲದ ದುಃಖವನ್ನೆಲ್ಲ ಕ್ರಂಪ್ ಮೇಲೆ ತೀರಿಸಿಕೊಂಡೆ. ಅವನ ಅಂಗಡಿ ಎದುರು ನಿಂತು ನೋಡಿ ನೋಡಿ ಬರೆದೆ. ಬೊಕ್ಕತಲೆ, ಸೊಟ್ಟ ಪಾದ, ಬಂದೂಕು ಹಾರಿಸುವಾಗ ಎರಡೂ ಕಣ್ಣು ಮುಚ್ಚುವುದು, ಕತ್ತಿಯಲ್ಲಿ ಚೀಸ್ ಕೊಯ್ಯುವುದು, ಒಂದನ್ನೂ ಬಿಡಲಿಲ್ಲ!

ಒರೆಯ ಕಳಚಿದ ಕತ್ತಿತುದಿಯಲಿ ನಿನ್ನೆ ಕೊಯ್ದ ಹಳದಿ ಚೀಸು,
ಬಾಲವಾಡಿಸಿ ಶರಣುಬಂದವು ಬೀದಿನಾಯಿ ಮೂಸು ಮೂಸು!

ಕಾಫಿ ಅಂಗಡಿಯಲ್ಲಿ ಓದಿದೆ. ಬೆಂಚುಗಳೇ ಖಾಲಿ, ಎಲ್ಲರೂ ನೆಲದ ಮೇಲೆ! ಅಚ್ಚಿನವನು ಅಂದೇ ಅಚ್ಚು ಹಾಕಿದ. ಬೀದಿ ಬೀದಿಯಲ್ಲಿ ಹಾಡಿದರು. ನಾನು ಒಗೆದ ಅಂಗಿ ಹಾಕಿಕೊಂಡು, ಕುರ್ಚಿ ವಸೂಲಿಗೆ ಮಾವನ ಮನೆಗೆ ಹೊರಟೆ. ಮಾವ ಬಾಗಿಲಲ್ಲೇ ನಿಂತಿದ್ದರು, ನಗುತ್ತಾ! ಹಿಂದೆ ಹೆಸ್ಟರ್, ಅವಳೂ ನಗುತ್ತಾ!

"ಬಾರಯ್ಯ ಬಾ!" ಎಂದರು ಮಾವ. "ಮೂಸು ಮೂಸು! ಹಹ್ಹಹ್ಹಾ! ಪಾಪ, ಅವನು ಹಾಸಿಗೆ ಹಿಡಿದಿರ್ಬೇಕು."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಡೋಲು ಕೇಳಿಸಿತು. ಜೋರು ಡೋಲು!

ಕ್ಯಾಪ್ಟನ್ ಕ್ರಂಪ್ ಬರುತ್ತಿದ್ದ. ಪೂರ್ತಿ ಸಮವಸ್ತ್ರದಲ್ಲಿ, ಹಿಂದೆ ಇಬ್ಬರು ಹೊತ್ತ ಬಂಡಿಚಕ್ರದಷ್ಟು ದೊಡ್ಡ ಚೀಸು, ಅದರ ಹಿಂದೆ ಅರ್ಧ ಪೇಟೆ. ನಾನು ಮಾವನ ಹಿಂದೆ ಅವಿತುಕೊಂಡೆ. ದ್ವಂದ್ವಯುದ್ಧಕ್ಕೇ ಬಂದಿದ್ದಾನೆ, ಸಂದೇಹವಿಲ್ಲ! ನನ್ನ ಬದುಕು ಇಲ್ಲಿಗೆ ಸಮಾಪ್ತಿ!

"ಫಿಲ್ಪಾಟ್ ಅನ್ನೋ ಪುಣ್ಯಾತ್ಮ ಯಾರು?" ಎಂದು ಕೂಗಿದ ಕ್ರಂಪ್. ಜನ ನನ್ನನ್ನು ತೋರಿಸಿದರು. ಆತ ಬಂದವನೇ ನನ್ನನ್ನು ಬಾಚಿ ತಬ್ಬಿಕೊಂಡ. ಅಳುತ್ತಿದ್ದ!

"ಕವಿಗಳೇ! ಆ ಚೀಸು! ನನ್ನ ಕತ್ತಿಗೆ ಅಂಟಿದ್ದ ಆ ಚೂರು ಚೀಸು! ನನ್ನ ಹೆಂಡ್ತಿ ಕೂಡ ಅದನ್ನ ನೋಡಿರ್ಲಿಲ್ಲ, ನೀವು ನೋಡಿದ್ರಿ! ಇಷ್ಟು ದೊಡ್ಡ ಲಂಡನ್ನಿನಲ್ಲಿ ಯಾರು ಯಾರನ್ನ ಇಷ್ಟು ಹತ್ತಿರದಿಂದ ನೋಡ್ತಾರೆ ಹೇಳಿ?"

ನನ್ನ ಹಿಂದೆ ಮಾವನ ಉಸಿರು ಬುಸುಗುಟ್ಟುವುದು ಕೇಳಿಸಿತು. ನನ್ನ ಕುರ್ಚಿ ಕೈ ತಪ್ಪುತ್ತಿದೆ! ಬಿಡಲಾದೀತೇ?

"ಸ್ವಾಮಿ, ಅದು ಗೇಲಿ!" ಎಂದೆ. "ನಾನು ನಿಮ್ಮನ್ನ ಹೀಯಾಳಿಸಿದ್ದು!"

"ಏನು ವಿನಯ!" ಎಂದ ಕ್ರಂಪ್ ಜನರ ಕಡೆ ತಿರುಗಿ.

"ವಿನಯ ಅಲ್ಲ! ನಿಮ್ಮ ಸೊಟ್ಟ ಪಾದಕ್ಕೆ ನಕ್ಕಿದ್ದೀನಿ! ಬೊಕ್ಕತಲೆಗೆ ನಕ್ಕಿದ್ದೀನಿ! ಬೈದಿದ್ದೀನಿ ಸ್ವಾಮಿ, ನಂಬಿ!"

"ಕೇಳಿದ್ರಾ? ಹೊಗಳಿಸ್ಕೊಳ್ಳೋಕೆ ನಾಚ್ಕೋತಾರೆ! ದೊಡ್ಡವರು ಯಾವಾಗ್ಲೂ ಹೀಗೇ!" ಎಂದು ಮತ್ತೊಮ್ಮೆ ತಬ್ಬಿದ. ಜನ ಚಪ್ಪಾಳೆ ತಟ್ಟಿದರು. ಚೀಸನ್ನು ನಮ್ಮ ಮಾವನ ಹೊಸ್ತಿಲ ಮೇಲೆಯೇ ಇಳಿಸಿ, ಡೋಲು ಇನ್ನೂ ಜೋರಾಗಿ ಬಡಿಸಿಕೊಂಡು ಹೋದ.

ಮಾವ ಚೀಸನ್ನು ನೋಡಿದರು. ನನ್ನನ್ನು ನೋಡಿದರು.

"ನೀನು ನನ್ನನ್ನ ಹೊಗಳ್ದೆ. ನನ್ನ ದಂಡೇ ನನಗೆ ನಕ್ತು" ಎಂದರು ಮೆಲ್ಲಗೆ. ಕೂಗಿದ್ದರೆ ವಾಸಿಯಿತ್ತು. "ಅವನನ್ನ ಬೈದೆ. ಅವನು ಮೆರವಣಿಗೆ ಮಾಡ್ಕೊಂಡ. ಅಲ್ಲಯ್ಯಾ, ನಿನಗೆ ಮಾತೂ ಅರ್ಥವೂ ಯಾವತ್ತಾದ್ರೂ ಒಂದೇ ಬಾಗಿಲಿಂದ ಹೊರಗೆ ಬರತ್ವಾ?"

ಇನ್ನು ಬಾಯಿ ತೆರೆದರೆ ಅದಕ್ಕೆ ಏನು ಅರ್ಥ ಬರುತ್ತದೋ! ಟೋಪಿ ತೆಗೆದು, ತಲೆ ಬಗ್ಗಿಸಿ, ತಿರುಗಿ ನಡೆದೆ.

"ನಿಲ್ರೀ!" ಎಂದಳು ಹೆಸ್ಟರ್.

ಒಳಗೆ ಹೋದವಳು ತನ್ನ ಬಟ್ಟೆಯ ಗಂಟು ಹಿಡಿದುಕೊಂಡು ಬಂದಳು. "ನಾನೂ ಬರ್ತೀನಿ. ಅಪ್ಪಾ, ನಿನ್ನನ್ನ ನೋಡ್ಬೇಕು ಅಂತ ತುಂಬಾ ಆಸೆ ಇತ್ತು. ನೋಡ್ದೆ. ಆದ್ರೆ ಇವರು ಅಲ್ಲಿ ಒಬ್ರೇ ಇದ್ರೆ ಬಟಾಣಿ ಹಸೀದೇ ತಿಂತಾರೆ."

"ಈ ಪೆದ್ದನ ಜೊತೆ ಹೋಗ್ತೀಯಾ?"

"ಪೆದ್ರು ಹೌದಪ್ಪಾ. ಆದ್ರೆ ನಿನ್ನ ಪದ್ಯ ಬರೀವಾಗ ಇವರು ಒಂದ್ಸಲಾನೂ ನಗ್ಲಿಲ್ಲ. ನಾನು ನಕ್ಕೆ, ಇವರು ನಗ್ಲಿಲ್ಲ. ನಾನು ನಕ್ಕಾಗಲೆಲ್ಲ ಪಾಪ, ಹೊಡೆದುಹಾಕಿ ಮತ್ತೆ ಬರೀತಿದ್ರು."

ಬೀದಿಯಲ್ಲಿ ಡೋಲು ದೂರವಾಗುತ್ತಿತ್ತು. ಮಾವ ಬಾಗಿಲಿಂದ ಒಂದಿಷ್ಟು ಪಕ್ಕಕ್ಕೆ ಸರಿದರು. "ಇಬ್ರೂ ಒಳಗೆ ಬನ್ನಿ. ಆದ್ರೆ ಇವನ ಕೈಗೆ ಗರಿ, ಶಾಯಿ, ಕಾಗದ ಯಾವುದೂ ಸಿಗಬಾರದು! ಹಂಡೆ ಮನೇಲಿ ಕೆಲಸ ಮಾಡ್ಲಿ. ಬತ್ತಿಗೆ ಅರ್ಥ ಇಲ್ಲ. ಹಚ್ಚಿದ್ರೆ ಉರಿಯತ್ತೆ, ಅಷ್ಟೇ."

ಹೀಗೆ ಚಿಗಟಕ್ಕೆ ಕವಚ ತೊಡಿಸಿದ ಕೈ ಕುರಿ ಕೊಬ್ಬಿಗೆ ಇಳಿಯಿತು! ದಾರದ ಸಾಲು ಹಂಡೆಯಲ್ಲಿ ಅದ್ದು, ಎತ್ತು, ಆರಿಸು, ಮತ್ತೆ ಅದ್ದು. ನನ್ನ ಮೊದಲ ಬತ್ತಿ ತಯಾರಾಯಿತು. ಹೊಟ್ಟೆ ಒಂದು ಕಡೆ, ಕುತ್ತಿಗೆ ಒಂದು ಕಡೆ. ಹಾವು ನುಂಗಿದ ಕಪ್ಪೆಗಳು ಅದರ ಮೈಯೊಳಗೆ ಅಲ್ಲಲ್ಲಿ ಸಿಕ್ಕಿಕೊಂಡಂತಿತ್ತು. ಮಾವ ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಅತ್ತಿತ್ತ ತಿರುಗಿಸಿ ನೋಡಿದರು.

"ಆಹಾಹಾ!" ಎಂದರು. "ಎಂಥಾ ಬತ್ತಿ! ಇದನ್ನ ಹಚ್ಚಿದ್ರೆ ಸೂರ್ಯ ನಾಚ್ಕೊಂಡು ಮನೆಗೆ ಹೋಗ್ತಾನೆ! ದೇವತೆಗಳೆಲ್ಲ ಸಾಲಾಗಿ ನಿಂತು ಕೇಳ್ತಾರೆ, ಯಾರಪ್ಪಾ ಈ ವೀರ ಅಂತ! ಬಾ ಮಹಾಶಯ, ಊಟಕ್ಕೆ ಬಾ."

ಹೇಳಿ ಹೋದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿರಲಿಲ್ಲ. ಇಡೀ ಲಂಡನ್ನನ್ನೇ ಅಣಕಿಸಿದ ನಾನು ಕೊಬ್ಬು ಅಂಟಿದ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಕಲ್ಲಿನಂತೆ ನಿಂತೆ.

"ಹೆಸ್ಟರ್! ಹೆಸ್ಟರ್! ನಿಮ್ಮಪ್ಪ ಈಗ ನನ್ನನ್ನ ಹೊಗಳಿದ್ರಾ, ಗೇಲಿ ಮಾಡಿದ್ರಾ?"

ಹೆಸ್ಟರ್ ನನ್ನ ಕೈಗೆ ಒರೆಸುವ ಬಟ್ಟೆ ಕೊಟ್ಟಳು.

"ಊಟಕ್ಕೆ ಬಾ ಅಂದ್ರಲ್ರೀ. ಅದಕ್ಕೆ ಒಂದೇ ಅರ್ಥ. ಕೈ ತೊಳ್ಕೊಂಡು ನಡೀರಿ."